ರುಚಿ ನಾಲಿಗೆಯದಾ, ಹಲ್ಲಿನದಾ? ಎರಡು ವಾರದ ಟಿಪ್ಪಣಿ

ದಿನ 1
ಶುರುವಾಗಿದ್ದು ಒಂದು ಸಣ್ಣ ಜಗಳದಿಂದ. ಮೆತ್ತಗಾದ ಆಲೂ ಚಿಪ್ಸ್ ಬಾಯಿಗಿಟ್ಟು, "ಇದರ ರುಚಿಯೇ ಹೋಗಿದೆ" ಎಂದೆ. "ಉಪ್ಪು ಹಾಗೇ ಇದೆ, ಎಣ್ಣೆ ಹಾಗೇ ಇದೆ. ರುಚಿ ಎಲ್ಲಿಗೆ ಹೋಯ್ತೋ?" ಎಂದಳು ಅಕ್ಕ. ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಪ್ರಯೋಗ.

ದಿನ 3
ಕ್ಯಾರೆಟ್, ಬೀನ್ಸ್, ಹೂಕೋಸು, ಆಲೂಗಡ್ಡೆ, ಸೇಬು. ಐದನ್ನೂ ಬೇಯಿಸಿ, ಉಪ್ಪಿಲ್ಲದೆ ನುಣ್ಣಗೆ ರುಬ್ಬಿದೆ. ಅಕ್ಕನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದು ಚಮಚ ಕೊಟ್ಟೆ. ಸೇಬು, ಹೂಕೋಸು ಸಿಕ್ಕಿದವು. ಕ್ಯಾರೆಟ್ಟಿಗೆ ಕುಂಬಳಕಾಯಿ ಎಂದಳು. ಆಮೇಲೆ ಹಸಿ ಕ್ಯಾರೆಟ್ ತುಂಡು ಕೊಟ್ಟೆ. ಕಟಕ್ ಅಂದ ಕೂಡಲೇ ಹೆಸರು ಹೇಳಿಬಿಟ್ಟಳು. ಒಬ್ಬಳ ಮೇಲೆ ಮಾಡಿದ ಪರೀಕ್ಷೆ, ದೊಡ್ಡದಾಗಿ ಹೇಳಿಕೊಳ್ಳುವಂಥದ್ದೇನಲ್ಲ.

ದಿನ 6
ಆಲೂಗಡ್ಡೆಯ ದಿನ. ಒಂದೇ ಅಳತೆಯ ತುಂಡು, ಮೂರು ಪಾತ್ರೆ, ಅರ್ಧರ್ಧ ಲೀಟರ್ ನೀರು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಅಡುಗೆ ಸೋಡಾ, ಒಂದಕ್ಕೆ ವಿನೆಗರ್.

ಮೊದಲ ಸಲ ಸೋಡಾ ಒಂದು ಚಮಚ ತುಂಬಾ ಸುರಿದು, ಫೋನ್ ನೋಡುತ್ತಾ ಇಪ್ಪತ್ತು ನಿಮಿಷ ಮರೆತೆ. ತುಂಡು ಹೋಗಿ ಗಂಜಿಯಾಗಿತ್ತು, ಸೋಪಿನ ರುಚಿ ಬೇರೆ. ಚೆಲ್ಲಿದೆ.

ಎರಡನೇ ಸಲ ಕಾಲು ಚಮಚ, ಹತ್ತು ನಿಮಿಷ. ಸೋಡಾ ಪಾತ್ರೆಯ ತುಂಡುಗಳ ಅಂಚು ಸವೆದು, ಮೈಯೆಲ್ಲ ತರಿತರಿಯಾಗಿತ್ತು. ಚಮಚದಿಂದ ಒತ್ತಿದರೆ ಸುಮ್ನೆ ಕುಸಿಯಿತು. ವಿನೆಗರ್ ಪಾತ್ರೆಯದು ಅಷ್ಟೇ ಹೊತ್ತು ಕುದಿದಿದ್ದರೂ ಒತ್ತಿದಾಗ ಮೊದಲು ತಡೆಯಿತು, ಆಮೇಲೆ ಅಂಚು ಮೊಂಡಾಗದೆ ಎರಡು ಹೋಳಾಯಿತು. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವುದು ಪೆಕ್ಟಿನ್. ಸೋಡಾ ಆ ಅಂಟನ್ನು ಬೇಗ ಬಿಡಿಸುತ್ತದೆ, ಹುಳಿ ಬಿಡಲು ಕೊಡುವುದಿಲ್ಲ. ಹುಳಿ ಮೊದಲೇ ಹಾಕಿದರೆ ತರಕಾರಿ ಬೇಗ ಬೇಯದಿರುವುದು ಇದಕ್ಕೇ.

ದಿನ 7
ಸೋಡಾದಲ್ಲಿ ಬೇಯಿಸಿದ್ದನ್ನೇ ಎಣ್ಣೆ ಸವರಿ 220 ಡಿಗ್ರಿ ಓವನ್ನಿನಲ್ಲಿಟ್ಟೆ. ಆ ತರಿತರಿ ಮೈಯೇ ಒಣಗಿ ಚಿಪ್ಪಾಯಿತು. ಚಾಕು ಎಳೆದರೆ ಕರಕರ ಸದ್ದು, ಒಳಗೆ ಬೆಣ್ಣೆ. ಖುಷಿಯಲ್ಲಿ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಿದೆ. ದಡ್ಡತನ! ಹತ್ತು ನಿಮಿಷದಲ್ಲಿ ತನ್ನ ಹಬೆಯಲ್ಲೇ ತೊಯ್ದು ಮೆತ್ತಗಾಯಿತು.

ದಿನ 11
ಸದ್ದಿನ ಸರದಿ. ಜಾಂಪಿನಿ, ಸ್ಪೆನ್ಸ್ ಎಂಬ ಇಬ್ಬರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿಪ್ಸ್ ಕಚ್ಚುವವರ ಕಿವಿಗೆ ಹೆಡ್‌ಫೋನ್ ಹಾಕಿ, ಅವರದೇ ಕುರುಂ ಸದ್ದನ್ನು ಕೇಳಿಸಿದರು. ಸದ್ದು ಜೋರು ಮಾಡಿದಾಗ, ಅಥವಾ ಅದರ ಕೀಚು ಭಾಗವನ್ನಷ್ಟೇ ಏರಿಸಿದಾಗ, ಅದೇ ಚಿಪ್ಸ್ ಜಾಸ್ತಿ ಗರಿಗರಿ, ಜಾಸ್ತಿ ತಾಜಾ ಅನ್ನಿಸಿತು. 2008ರಲ್ಲಿ ಇದಕ್ಕೆ ಇಗ್ ನೊಬೆಲ್ ಬಂತು. ನಗಿಸಿ ಯೋಚಿಸುವಂತೆ ಮಾಡುವ ಬಹುಮಾನ ಅದು.

ನಾನು ಬಡವರ ಉಪಾಯ ಮಾಡಿದೆ: ಕಿವಿಗೆ ಹತ್ತಿ. ಪೂರಾ ಉಲ್ಟಾ ಆಯಿತು! ಕಿವಿ ಮುಚ್ಚಿದರೆ ದವಡೆಯ ಮೂಳೆಯಿಂದ ಬರುವ ಸದ್ದು ಒಳಗೇ ಸಿಕ್ಕಿಕೊಂಡು ಇನ್ನೂ ದಪ್ಪಗೆ ಕೇಳುತ್ತದೆ. ತಲೆಯೊಳಗೆ ಯಾರೋ ಜಲ್ಲಿ ತುಳಿದಂತೆ. ಹೆಡ್‌ಫೋನಿನಲ್ಲಿ ಜೋರಾಗಿ ಹಾಡು ಹಾಕಿ ತಿಂದಾಗ ಮಾತ್ರ ಚಿಪ್ಸ್ ಯಾಕೋ ಸಪ್ಪೆ ಅನ್ನಿಸಿತು.

ದಿನ 14
ಜಗಳದ ಪೊಟ್ಟಣ ಇನ್ನೂ ಇತ್ತು, ಮೊದಲಿಗಿಂತ ಮೆತ್ತಗೆ. ಗಾಳಿಯ ತೇವ ಕುಡಿದದ್ದು ತಾನೇ, ತೇವ ತೆಗೆದರೆ ಆಯಿತು ಅಲ್ವಾ? 150 ಡಿಗ್ರಿಯಲ್ಲಿ ಐದು ನಿಮಿಷ. ಹೊರಗೆ ತೆಗೆದಾಗಲೂ ಬಾಗುತ್ತಿತ್ತು. ಬೇಜಾರಾಗಿ ಅಲ್ಲೇ ಬಿಟ್ಟೆ. ಆರಿದ ಮೇಲೆ ಮುರಿದರೆ ಟಪ್ ಎಂದಿತು.

ಅಕ್ಕ ಒಂದು ತಿಂದಳು. ಸುಮ್ಮನೆ ಇನ್ನೊಂದು ತೆಗೆದುಕೊಂಡಳು.

"ಉಪ್ಪು ಮೇಲೆ ಉದುರಿಸಿದ್ಯಾ? ಈಗ ಸರಿಯಾಗಿದೆ ನೋಡು" ಎಂದಳು.

ಉಪ್ಪಿನ ಡಬ್ಬಿ ನಾನು ಮುಟ್ಟಿಯೇ ಇರಲಿಲ್ಲ.