ಬದಿಯಡ್ಕದಲ್ಲಿ ಒಂದು ಸಿನಿಮಾ, ಮೂರು ಚೀಟಿ

ಮಳೆಗಾಲದ ಒಂದು ಶನಿವಾರ ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದ ಹತ್ತಿರ ಪದವಿ ಓದುವ ಮೂವತ್ತು ಮಂದಿಗೆ ಸಾಕ್ಷ್ಯಚಿತ್ರ ತೋರಿಸಿದೆವು. ಎಲ್ಲರೂ 18 ದಾಟಿದವರು, ಎಲ್ಲರೂ ದೈವಭಕ್ತರು. ಭಜನೆಗೆ ಹೋಗುವವರು, ಮದ್ರಸದಲ್ಲಿ ಕಲಿತವರು, ಭಾನುವಾರದ ಪೂಜೆ ತಪ್ಪಿಸದ ಕ್ರೈಸ್ತರು. ಚಿತ್ರ ಡೇನಿಯಲ್ ಕಾರ್ಸ್‌ಲೇಕ್ ಅವರ ‘ಫಾರ್ ದ ಬೈಬಲ್ ಟೆಲ್ಸ್ ಮಿ ಸೋ’, 2007ರದ್ದು. ಮಗನೋ ಮಗಳೋ ಸಲಿಂಗಿ ಎಂದು ಗೊತ್ತಾದಾಗ ಅಮೆರಿಕದ ಐದು ಕ್ರೈಸ್ತ ಮನೆಗಳಲ್ಲಿ ಏನಾಯಿತು ಎಂಬುದೇ ಅದರ ವಸ್ತು.

ಸಿನಿಮಾ ನೋಡಿ ಸಲಿಂಗಿಗಳ ಬಗ್ಗೆ ಅವರ ಅಭಿಪ್ರಾಯ ಬದಲಾಗುತ್ತದೆಯೇ ಎಂದು ತಿಳಿಯಲು ನೋಡುವ ಮೊದಲೊಂದು ಪ್ರಶ್ನೆಚೀಟಿ, ನೋಡಿದ ಮೇಲೊಂದು, ನಾಲ್ಕು ವಾರ ಕಳೆದು ಮತ್ತೊಂದು. ಹತ್ತು ಹೇಳಿಕೆ, ಒಪ್ಪಿಗೆಗೆ 1ರಿಂದ 5ರವರೆಗೆ ಅಂಕ. ಹೆಸರು ಬರೆಯುವಂತಿಲ್ಲ, ಉತ್ತರಕ್ಕೆ ಟಿಕ್ ಮಾತ್ರ, ಕೈಬರಹ ಗುರುತು ಸಿಗಬಾರದಲ್ಲ! ಒಂದೇ ಬೆಂಚಿನಲ್ಲಿ ಮೂವರು ಕೂತರೆ ಎಲ್ಲರದ್ದೂ 3 ಬರುತ್ತದೆ, ಹಾಗಾಗಿ ದೂರ ದೂರ ಕೂರಿಸಬೇಕು. ‘ತಪ್ಪಲ್ಲ ಎಂಬುದನ್ನು ಒಪ್ಪುವುದಿಲ್ಲ’ ಎಂಬಂಥ ಡೊಂಕು ವಾಕ್ಯ ಇಟ್ಟರೆ ಅರ್ಧಕ್ಕರ್ಧ ಉತ್ತರ ತಲೆಕೆಳಗಾಗುತ್ತದೆ.

ನಾವು ಎಡವಿದ್ದು ಬೇರೆ ಕಡೆ. ಚೀಟಿಯುದ್ದಕ್ಕೂ ‘ಸಲಿಂಗಕಾಮ’ ಎಂದು ಅಚ್ಚು ಹಾಕಿಸಿದ್ದೆವು. ಹಿಂದಿನ ಬೆಂಚಿನ ಹುಡುಗ ಎದ್ದು, “ಮಾಸ್ಟ್ರೇ, ಇದು ಮಲಯಾಳದ ಸ್ವವರ್ಗಾನುರಾಗವೇ ಅಲ್ವಾ?” ಎಂದ. ಗಡಿಯ ಮಕ್ಕಳಿಗೆ ಒಂದೇ ವಿಷಯಕ್ಕೆ ಎರಡು ಪತ್ರಿಕೆಗಳ ಎರಡು ಪದ ಗೊತ್ತು, ಒಂದರಲ್ಲಿ ಕಾಮ, ಇನ್ನೊಂದರಲ್ಲಿ ಅನುರಾಗ. ಪದವೇ ಉತ್ತರವನ್ನು ಅರ್ಧ ಬರೆದುಬಿಡುತ್ತದೆ. ‘ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು’ ಎಂದು ಬಿಡಿಸಿ ಬರೆಯಬೇಕಿತ್ತು.

ಕರೆಂಟು ಎರಡು ಸಲ ಹೋಯಿತು, ಅದು ಇದ್ದದ್ದೇ. ಇಂಗ್ಲಿಷ್ ವೇಗವಾಗಿದ್ದರಿಂದ ನಾಲ್ಕು ಕಡೆ ನಿಲ್ಲಿಸಿ ಕನ್ನಡದಲ್ಲಿ ಸಾರ ಹೇಳಿದೆವು. ಗಂಡು ಗಂಡಿನ ಸಂಬಂಧವನ್ನು ನಿಷೇಧಿಸುವ ಬೈಬಲಿನ ಯಾಜಕಕಾಂಡದಲ್ಲೇ ಸೀಗಡಿ ತಿನ್ನುವುದಕ್ಕೂ ನಿಷೇಧವಿದೆ ಎಂದಾಗ ಕೋಣೆಯೆಲ್ಲ ನಕ್ಕಿತು, ಅಷ್ಟೇ. ವಾದ ಯಾರನ್ನೂ ಅಲ್ಲಾಡಿಸಿದಂತೆ ಕಾಣಲಿಲ್ಲ. ಮಗಳಿಗೆ ಕಟುವಾಗಿ ಪತ್ರ ಬರೆದು, ಮುಂದೆ ಆಕೆ ಆತ್ಮಹತ್ಯೆ ಮಾಡಿಕೊಂಡ ಮೇಲೆ ಕೊರಗುವ ತಾಯಿ ತೆರೆಯ ಮೇಲೆ ಬಂದಾಗ ಮಾತ್ರ ಫೋನುಗಳೆಲ್ಲ ಕೆಳಗಿಳಿದವು. ಆ ತಾಯಿಯೂ ಬೈಬಲ್ ಬಿಡದವಳೇ. ಹೊರಗಿನವರು ಬುದ್ಧಿ ಹೇಳುವುದಕ್ಕೂ ನಮ್ಮಂತೆಯೇ ಕೈಮುಗಿಯುವವರು ಹೇಳುವುದಕ್ಕೂ ಇರುವ ವ್ಯತ್ಯಾಸ ಇದು.

ಎರಡನೇ ಚೀಟಿಯಲ್ಲಿ ‘ಇದು ಪಾಪ’ ಎಂಬ ಹೇಳಿಕೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ‘ಇಂಥ ತಮ್ಮನನ್ನು ಮನೆಯಿಂದ ಹೊರಹಾಕಬೇಕು’ ಎಂಬುದು ಕೆಳಗಿಳಿಯಿತು. ಇವೆರಡನ್ನೂ ಕೂಡಿಸಿ ಒಂದೇ ಅಂಕ ಮಾಡಿದರೆ ಯಾವುದು ಬದಲಾಯಿತು, ಯಾವುದು ಇದ್ದಲ್ಲೇ ಉಳಿಯಿತು ಎಂಬುದೇ ಮುಚ್ಚಿಹೋಗುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟದ್ದು ಅನೇಕರಿಗೆ ತಿಳಿದೇ ಇರಲಿಲ್ಲ. ಅದನ್ನು ಚರ್ಚೆಯಲ್ಲಿ ಹೇಳಿದೆವು, ಆದ್ದರಿಂದ ಕಾನೂನಿನ ಬಗೆಗಿನ ಹೇಳಿಕೆಯ ಬದಲಾವಣೆಯನ್ನು ಸಿನಿಮಾದ ಲೆಕ್ಕಕ್ಕೆ ಹಾಕುವಂತಿಲ್ಲ.

“ಅದು ಕ್ರಿಶ್ಚಿಯನರ ವಿಷಯವಲ್ವಾ?” ಎಂದು ಇಬ್ಬರು ಕೇಳಿದರು, ಸರಿಯಾದ ಮಾತೇ. ಮುಸ್ಲಿಮರ ನಡುವಿನದ್ದಕ್ಕೆ ಪರ್ವೇಜ್ ಶರ್ಮಾ ಅವರ ‘ಎ ಜಿಹಾದ್ ಫಾರ್ ಲವ್’ ಇದೆ, ಅದೂ 2007ರದ್ದೇ. ಮುಂದಿನ ಸಲ ಅದನ್ನೂ ಜೊತೆಗಿಡಬೇಕು. ಸಿನಿಮಾ ನೋಡದ ಇನ್ನೊಂದು ಗುಂಪಿಗೂ ಚೀಟಿ ಹಂಚಬೇಕು. ಪ್ರಶ್ನೆ ಓದಿದ ಮಾತ್ರಕ್ಕೇ ಯೋಚನೆ ಶುರುವಾಗುವುದುಂಟು, ಸಂಘಟಕರಿಗೆ ಬೇಕಾದ ಉತ್ತರವನ್ನು ಊಹಿಸುವುದೂ ಉಂಟು.

ಮೂರನೇ ಚೀಟಿಯ ಗತಿ ಕೇಳಬೇಡಿ. ಒಬ್ಬರದೇ ಮೂರು ಚೀಟಿಗಳನ್ನು ಜೋಡಿಸಲು ಗುಟ್ಟಿನ ಗುರುತಿಗೆಂದು ಅಮ್ಮನ ಹೆಸರಿನ ಮೊದಲಕ್ಷರ ಬರೆಸಿದ್ದೆವು. ಕೆಲವರು ಮೊದಲು ರೇಷನ್ ಕಾರ್ಡಿನ ಹೆಸರಿನದ್ದು ಬರೆದು, ನಾಲ್ಕು ವಾರದ ಮೇಲೆ ಮನೆಯಲ್ಲಿ ಕರೆಯುವ ಹೆಸರಿನದ್ದು ಬರೆದಿದ್ದರು.