ಟೈರಿನ ಗಾಳಿ ಇಳಿಸುತ್ತಾ ನಾಲ್ಕು ಭಾನುವಾರ

ಮೊದಲ ಭಾನುವಾರ
ಅಂಗಡಿಯವರು ಸೈಕಲ್ಲಿನ ಎರಡೂ ಚಕ್ರಕ್ಕೆ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ ಕೊಟ್ಟಿದ್ದರು. ಯಲಹಂಕದಿಂದ ಆವಲಹಳ್ಳಿ ಕಾಡಿನವರೆಗೆ ಡಾಂಬರಿನಲ್ಲಿ ಸೈಕಲ್ ಸೊಗಸಾಗಿ ಓಡಿತು. ನೀಲಗಿರಿ ಮರಗಳ ನಡುವಿನ ಕಾಲುದಾರಿ ಶುರುವಾಗಿದ್ದೇ ತಡ, ಬೇರು ಸಿಕ್ಕಾಗಲೆಲ್ಲ ಹ್ಯಾಂಡಲ್ ಎಗರತೊಡಗಿತು. ಒಣ ಗರಸಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದೆ. ಮೊಣಕೈ ತರಚಿದೆ, ಗೇರ್ ಸರಿಯಿದೆ.

ಲೆಕ್ಕಕ್ಕಿರಲಿ: ಬೆನ್ನಚೀಲ ಸೇರಿ ನಾನು 77 ಕೆಜಿ. ಟೈರು 29 ಇಂಚು, ಅಗಲ 2.25. ಒಳಗೆ ಮಾಮೂಲಿ ಟ್ಯೂಬು.

ಎರಡನೇ ಭಾನುವಾರ
ಗಾಳಿ ಇಳಿಸಿದರೆ ಜಾರುವುದು ಕಮ್ಮಿಯಾಗುತ್ತಾ ನೋಡೋಣ ಅಂತ, ಗೆಳೆಯನ ಕಾರಿನಲ್ಲಿ ಸ್ಟ್ಯಾಂಡ್ ಪಂಪನ್ನೂ ಹೊತ್ತುಕೊಂಡು ಹೋದೆ. ಬೇರು, ಕಲ್ಲಿನ ಇಳಿಜಾರು, ಎರಡು ತಿರುವು ಇರುವ ಒಂದೇ ತುಂಡು ದಾರಿ. ಪ್ರತಿ ಸುತ್ತಿಗೂ 2 ಪಿಎಸ್‌ಐ ಇಳಿಸುವುದು. 34ರವರೆಗೆ ಏನೂ ಗೊತ್ತಾಗಲಿಲ್ಲ. 30ಕ್ಕೆ ಕೈ ನಡುಕ ಕಮ್ಮಿ. 26ಕ್ಕೆ, ಹೋದ ವಾರ ಬಿದ್ದ ಅದೇ ತಿರುವಿನಲ್ಲಿ, ಮುಂದಿನ ಚಕ್ರ ನೆಲ ಕಚ್ಚಿಕೊಂಡು ತಿರುಗಿತು. ಗಟ್ಟಿ ಟೈರು ಕಲ್ಲು ಸಿಕ್ಕರೆ ಹತ್ತಿ ಇಳಿಯಬೇಕು, ಜೊತೆಗೆ ನಾನೂ. ಮೆತ್ತಗಿದ್ದರೆ ಕಲ್ಲಿನ ಆಕಾರಕ್ಕೆ ತಾನೇ ತಗ್ಗಿಬಿಡುತ್ತೆ.

ಮೂರನೇ ಭಾನುವಾರ
ಆಸೆ ಹೆಚ್ಚಾಯಿತು. ಹಿಂದೆ, ಮುಂದೆ ಎರಡಕ್ಕೂ 22. ಇಳಿಜಾರಿನ ಕಲ್ಲಂಚಿಗೆ ಹಿಂದಿನ ರಿಮ್ಮು ಠಣ್ ಅಂತ ಬಡಿಯಿತು, ಹತ್ತು ಮೀಟರ್ ದಾಟುವಷ್ಟರಲ್ಲಿ ಟೈರು ಚಪ್ಪಟೆ. ಮನೆಗೆ ಬಂದು ಟ್ಯೂಬು ತೆಗೆದು ನೋಡಿದರೆ ಪಕ್ಕಪಕ್ಕದಲ್ಲೇ ಎರಡು ತೂತು, ಹಾವು ಕಚ್ಚಿದ ಹಾಗೆ. ಮುಳ್ಳು ಚುಚ್ಚಿದ್ದರೆ ಸಾಮಾನ್ಯವಾಗಿ ಒಂದೇ ಇರುತ್ತಿತ್ತು. ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿಬಿದ್ದರೆ ಹೀಗೆ ಜೋಡಿ. ಮೈಭಾರ ಹೆಚ್ಚು ಬೀಳುವುದು ಹಿಂದಿನ ಚಕ್ರದ ಮೇಲೆ, ಅಲ್ಲಿ 2–3 ಹೆಚ್ಚಿಗೆ ಇಡು ಅಂತ ಗೆಳೆಯ ಹೇಳಿದ್ದ. ಕೇಳಬೇಕಿತ್ತು. ಬಿಡಿ ಟ್ಯೂಬು ಚೀಲದಲ್ಲಿತ್ತು, ಟೈರು ಬಿಚ್ಚುವ ಲಿವರ್ ಮಾತ್ರ ಮನೆಯಲ್ಲಿ! ಗೇಟಿನವರೆಗೂ ತಳ್ಳಿದ್ದಾಯಿತು.

ನಾಲ್ಕನೇ ಭಾನುವಾರ
ಇವತ್ತು ಗುಟ್ಟು ಬಯಲಾಯಿತು. ಗೆಳೆಯ ಡಿಜಿಟಲ್ ಗೇಜ್ ತಂದಿದ್ದ. ನನ್ನ ಪಂಪು 24 ಅಂದರೆ ಅದು 20.5 ಅನ್ನುತ್ತೆ! ಪಂಪಿನ ಮುಳ್ಳು 160ರವರೆಗೆ ಅಳೆಯುವಂಥದ್ದು, 20ರ ಆಸುಪಾಸಿನಲ್ಲಿ ಅದಕ್ಕಿರುವ ಜಾಗ ಕೂದಲೆಳೆಯಷ್ಟು. ಹೋದ ವಾರದ ನನ್ನ 22 ನಿಜಕ್ಕೆ 19ರ ಹತ್ತಿರ ಇದ್ದಿರಬೇಕು. ಟ್ಯೂಬು ಒಡೆಯದೆ ಇನ್ನೇನಾದೀತು? ಹಿಂದಿನ ಮೂರು ವಾರದ ಅಂಕಿಗಳ ಪಕ್ಕ ‘ಪಂಪಿನ ಲೆಕ್ಕ’ ಅಂತ ಬರೆದಿಟ್ಟೆ.

ಡಿಜಿಟಲ್ ಗೇಜಿನಲ್ಲಿ ಮುಂದೆ 23, ಹಿಂದೆ 26 ಇಟ್ಟು ಆರು ಸುತ್ತು ಹೊಡೆದೆ. ರಿಮ್ಮು ಒಮ್ಮೆಯೂ ಬಡಿಯಲಿಲ್ಲ, ಚಕ್ರ ಜಾರಲಿಲ್ಲ. ಬೆಳಗ್ಗೆ ಚಳಿಯಲ್ಲಿ 26 ಇದ್ದದ್ದು, ಹನ್ನೊಂದರ ಬಿಸಿಲಲ್ಲಿ ಸೈಕಲ್ ನಿಲ್ಲಿಸಿದ ಮೇಲೆ 28 ತೋರಿಸಿತು. ಇನ್ನು ಮೇಲೆ ಅಳೆಯುವುದೆಲ್ಲ ಹೊರಡುವ ಮುಂಚೆ, ನೆರಳಲ್ಲಿ.

ಟೈರಿನಲ್ಲಿ ಇಷ್ಟೇ ಗಾಳಿ ಇದ್ದರೆ ಡಾಂಬರಿನ ಮೇಲೆ ಮನೆಗೆ ಬರುವಾಗ ಸೈಕಲ್ ಸ್ವಲ್ಪ ಎಳೆಯುತ್ತೆ. ಎಳೆಯಲಿ ಬಿಡಿ. ಟ್ಯೂಬ್‌ಲೆಸ್ (ಒಳಗೆ ಟ್ಯೂಬೇ ಇಲ್ಲದ ಟೈರು) ಮಾಡಲು ರಿಮ್ ಟೇಪ್ ಬಂದಿದೆ, ತೂತು ಮುಚ್ಚುವ ದ್ರವ ಸೀಲೆಂಟ್ ಇನ್ನೂ ಬಂದಿಲ್ಲ.