ದಿನಕ್ಕೆ ಎರಡೇ ಟ್ರೇಡ್: 60 ದಿನದ ಲೆಕ್ಕ

ದಿನಕ್ಕೆ ಎರಡಕ್ಕಿಂತ ಜಾಸ್ತಿ ಟ್ರೇಡ್ ಮಾಡುವುದಿಲ್ಲ ಅನ್ನುವ ನೂರು ದಿನದ ಪ್ರಯೋಗದಲ್ಲಿ ಹೋದ ವಾರಕ್ಕೆ 60 ಮುಗಿಯಿತು. 30ನೇ ದಿನಕ್ಕೆ ಲೆಕ್ಕ ಬರೆದಾಗ ಸ್ವಲ್ಪ ಉಬ್ಬಿ ಹೋಗಿದ್ದೆ. ಈಗ ಗಾಳಿ ಇಳಿದಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕಂಪನಿ ಕೆಲಸ ಬಿಟ್ಟು ಒಂದೂವರೆ ವರ್ಷ ಆಯಿತು. ಈಗ ಷೇರುಪೇಟೆಯಲ್ಲಿ ಇಂಟ್ರಾಡೇ ಮಾಡುವುದೇ ಕೆಲಸ. ಬೆಳಿಗ್ಗೆ ಕೊಂಡಿದ್ದೋ ಮಾರಿದ್ದೋ ಅವತ್ತೇ ಚುಕ್ತಾ ಆಗಬೇಕು. ಬಂಡವಾಳ 5 ಲಕ್ಷ. ಒಂದು ಟ್ರೇಡ್‌ನಲ್ಲಿ ಹೋದರೆ 1,500 ರೂಪಾಯಿ ಹೋಗಲಿ, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ನಿಯಮ. ಎರಡು ವರ್ಷದ ಮನೆ ಖರ್ಚು ಬೇರೆ ಕಡೆ ಎಫ್‌ಡಿಯಲ್ಲಿದೆ. ಅದಿಲ್ಲದಿದ್ದರೆ ನನ್ನ ಹೆಂಡತಿ ಈ ಪ್ರಯೋಗಕ್ಕೆ ಒಪ್ಪುತ್ತಲೇ ಇರಲಿಲ್ಲ, ಬಿಡಿ.

ಎರಡೇ ಟ್ರೇಡ್ ಯಾಕೆ ಅಂದರೆ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಜುಲೈನಲ್ಲಿ ಇಂಟ್ರಾಡೇ ಮಾಡುವವರ ಬಗ್ಗೆ ಒಂದು ಅಧ್ಯಯನ ಹೊರಡಿಸಿತ್ತು. 2022-23ರಲ್ಲಿ ಹತ್ತರಲ್ಲಿ ಏಳು ಜನ ಕಳೆದುಕೊಂಡಿದ್ದರು. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಂತೂ ನೂರಕ್ಕೆ 80 ಜನ. ನಾನು ಆಗ ದಿನಕ್ಕೆ ಆರೇಳು ಮಾಡುತ್ತಿದ್ದೆ. ವರ್ಷಕ್ಕೆ ಪೇಟೆ ತೆರೆಯುವುದು ಹತ್ತಿರ ಹತ್ತಿರ 250 ದಿನ. ದಿನಕ್ಕೆ ಎರಡು ಅಂದರೆ 500ರ ಗೆರೆಯ ಹತ್ತಿರವೇ ನಿಲ್ಲುತ್ತದೆ. ಅಷ್ಟೇ ಲೆಕ್ಕ, ಇನ್ನೇನು ದೊಡ್ಡ ತಂತ್ರವಿಲ್ಲ.

ಖರ್ಚಿನ ವಿಷಯವೂ ಇದೆ. 800 ರೂಪಾಯಿಯ ಷೇರು 250 ಕೊಂಡು ಮಾರಿದೆ ಅಂದುಕೊಳ್ಳಿ. ಬ್ರೋಕರೇಜ್ ಕೊಳ್ಳುವಾಗ 20, ಮಾರುವಾಗ 20, ಒಟ್ಟು 40. ಮಾರುವಾಗ ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ, 50. ಎಕ್ಸ್‌ಚೇಂಜಿನ ಶುಲ್ಕ, ಜಿಎಸ್‌ಟಿ, ಸ್ಟಾಂಪ್ ಎಲ್ಲಾ ಸೇರಿ 118ರ ಹತ್ತಿರ ಬರುತ್ತದೆ. ಗೆದ್ದರೂ ಸೋತರೂ ಅದು ಹೋಗುವುದೇ. ದಿನಕ್ಕೆ ಏಳು ಟ್ರೇಡ್ ಮಾಡುವ ಕಾಲದಲ್ಲಿ ಬರೀ ಇದಕ್ಕೇ 800 ರೂಪಾಯಿ ಕಟ್ಟುತ್ತಿದ್ದೆ. ತಿಂಗಳಿಗೆ ನಮ್ಮ ಮನೆ ಬಾಡಿಗೆಯಷ್ಟಾಯಿತು!

ದಿನ ಹೇಗಿರುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಹೇಳುವಂಥದ್ದು ಕಡಿಮೆ. ಆರು ಗಂಟೆಗೆ ಕುಕ್ಕರಹಳ್ಳಿ ಕೆರೆ ಸುತ್ತು. ಹೆಜ್ಜಾರ್ಲೆಗಳು ಮರದ ಮೇಲೆ ನನಗಿಂತ ನಿರಾಳವಾಗಿ ಕೂತಿರುತ್ತವೆ. ಎಂಟಕ್ಕೆ, ಪೇಟೆ ಹೇಗೆ ತೆರೆಯಬಹುದು ಅನ್ನುವ ಸುಳಿವು ಕೊಡುವ ಗಿಫ್ಟ್ ನಿಫ್ಟಿ ಸೂಚ್ಯಂಕ ನೋಡಿ, ಐದು ಷೇರು ಆರಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. 9:15ಕ್ಕೆ ಪೇಟೆ ಶುರು. ಮೊದಲ ಹದಿನೈದು ನಿಮಿಷ ಮುಟ್ಟುವುದಿಲ್ಲ. ಅಷ್ಟರಲ್ಲಿ ಬೆಲೆ ಎಲ್ಲಿಗೆ ಹತ್ತಿತು, ಎಲ್ಲಿಗೆ ಇಳಿಯಿತು ಅಂತ ಎರಡು ಗೆರೆ ಹಾಕಿ, ಆ ಗೆರೆ ದಾಟಿದರೆ ಮಾತ್ರ ಯೋಚನೆ. ಸರಿಯಾಗಿ ಅದೇ ಹೊತ್ತಿಗೆ ಮಹಡಿ ಮನೆ ಆಂಟಿ ಕೂಗುತ್ತಾರೆ, "ಸಂಪ್ ಮೋಟರ್ ಆಫ್ ಮಾಡಿಬಿಡಪ್ಪ, ನೀನ್ ಮನೇಲೇ ಇರ್ತೀಯಲ್ವಾ." ಬೀದಿಯ ಅರ್ಧ ಪಾರ್ಸೆಲ್‌ಗಳು ನಮ್ಮ ಮನೆಗೇ ಬರುತ್ತವೆ. ಬ್ಯಾಂಕಿಗೆ ಸಾಲ ಕೇಳಲು ಹೋದರೆ ಸ್ಯಾಲರಿ ಸ್ಲಿಪ್ ಎಲ್ಲಿ ಅಂತಾರೆ. ಬೀದಿಯ ಕಣ್ಣಿಗೂ ಬ್ಯಾಂಕಿನ ಕಣ್ಣಿಗೂ ನಾನು ಕೆಲಸವಿಲ್ಲದವನು.

ಇನ್ನು 38ನೇ ದಿನದ ಕತೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಒಂದು ಷೇರನ್ನು 642ಕ್ಕೆ 375 ಮಾರಿ, ಇಳಿದ ಮೇಲೆ ಕೊಳ್ಳೋಣ ಅಂತ ಕಾದಿದ್ದೆ (ಇಂಟ್ರಾಡೇಯಲ್ಲಿ ಕೈಯಲ್ಲಿಲ್ಲದ ಷೇರನ್ನೂ ಮೊದಲು ಮಾರಬಹುದು). ಸ್ಟಾಪ್‌ಲಾಸ್, ಅಂದರೆ ನಷ್ಟ ಇಷ್ಟಕ್ಕೇ ನಿಲ್ಲಲಿ ಅಂತ ಮೊದಲೇ ಹಾಕಿಡುವ ಆರ್ಡರ್, 646ಕ್ಕೆ. ನಾಲ್ಕು ರೂಪಾಯಿ ಏರಿದರೆ 1,500 ಹೋಗುತ್ತದೆ, ನಿಯಮದೊಳಗೇ ಇದೆ. ತಪ್ಪು ಮಾಡಿದ್ದು ಎಲ್ಲಿ ಅಂದರೆ, ನಾಲ್ಕು ಕಾಸು ಉಳಿಸಲು ಹೋಗಿ ಲಿಮಿಟ್ ಬೆಲೆಯನ್ನು 646.20ಕ್ಕೆ ಇಟ್ಟೆ. ಅಂದರೆ 646 ಮುಟ್ಟಿದ ಕೂಡಲೇ ಆರ್ಡರ್ ಎಚ್ಚರವಾಗುತ್ತದೆ, ಆದರೆ 646.20ಕ್ಕಿಂತ ಒಂದು ಪೈಸೆ ಜಾಸ್ತಿ ಕೊಟ್ಟು ಕೊಳ್ಳುವುದಿಲ್ಲ. ಅಷ್ಟೊತ್ತಿಗೆ ಗ್ಯಾಸ್ ಸಿಲಿಂಡರ್‌ನವನು ಬಂದ. ಓಟಿಪಿ ಕೇಳಿದ. ಓಟಿಪಿ ಬಂದಿದ್ದು ಹೆಂಡತಿ ಫೋನಿಗೆ. ಅವಳು ಆಫೀಸಿನಲ್ಲಿ ಮೀಟಿಂಗಿನಲ್ಲಿ. ಇದೆಲ್ಲ ಮುಗಿಸಿ ಬಂದು ನೋಡಿದರೆ ಬೆಲೆ 645.80ರಿಂದ ನೇರ 647.50ಕ್ಕೆ ನೆಗೆದು ಮೇಲೆ ಹೋಗಿದೆ. ನನ್ನ ಆರ್ಡರ್ 646.20ರಲ್ಲಿ ಒಂಟಿಯಾಗಿ ನಿಂತಿದೆ, ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದವನ ಹಾಗೆ. 652.40ಕ್ಕೆ ಕೊಂಡು ಕೈತೊಳೆದುಕೊಂಡೆ. 3,900 ರೂಪಾಯಿ.

ಅವತ್ತಿನಿಂದ ಎಸ್‌ಎಲ್-ಎಂ, ಅಂದರೆ ಲಿಮಿಟ್ ಬೆಲೆ ಇಲ್ಲದ ಸ್ಟಾಪ್‌ಲಾಸ್, ಮಾತ್ರ ಹಾಕುತ್ತೇನೆ. ಸಿಕ್ಕಿದ ಬೆಲೆಗೆ ಹೊರಗೆ ಬಂದರೆ ಸಾಕು. ಸಿಲಿಂಡರ್ ಶನಿವಾರ ಬರುವ ಹಾಗೆ ಬುಕ್ ಮಾಡಲು ನೋಡುತ್ತಿದ್ದೇನೆ, ಇನ್ನೂ ಒಂದು ಸಲವೂ ಶನಿವಾರ ಬಂದಿಲ್ಲ.

ಈಗ ಒಟ್ಟು ಲೆಕ್ಕ. 60 ದಿನದಲ್ಲಿ 97 ಟ್ರೇಡ್. 44 ಗೆದ್ದಿದ್ದು, 53 ಸೋತಿದ್ದು. ಗೆದ್ದಾಗ ಸರಾಸರಿ 2,150 ಬಂದಿದೆ, ಸೋತಾಗ ಸರಾಸರಿ 1,380 ಹೋಗಿದೆ. ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿದಿದ್ದು 10 ಸಾವಿರ. ಮೂರು ತಿಂಗಳ ದುಡಿಮೆ ಅದು. ಅಮ್ಮನಿಗೆ ಹೇಳಿಲ್ಲ.

ಭಾನುವಾರ ಇಡೀ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತೆ. ಎಂಟು ದಿನ ಏನೂ ಮಾಡಿಲ್ಲ. ಉಳಿದ 52 ದಿನದ ಮೊದಲ ಟ್ರೇಡ್‌ಗಳಲ್ಲಿ 28 ಗೆದ್ದಿವೆ, ಅರ್ಧಕ್ಕಿಂತ ಜಾಸ್ತಿ. ಎರಡನೇ ಟ್ರೇಡ್ 45, ಅದರಲ್ಲಿ ಗೆದ್ದಿದ್ದು 16 ಮಾತ್ರ. ಅದನ್ನೂ ಬಿಡಿಸಿ ನೋಡಿದೆ. ಮೊದಲನೆಯದು ಗೆದ್ದ ದಿನ ಮಾಡಿದ ಎರಡನೆಯವು 23, ಗೆದ್ದಿದ್ದು 11. ಪರವಾಗಿಲ್ಲ. ಮೊದಲನೆಯದು ಸೋತ ದಿನ ಮಾಡಿದವು 22, ಗೆದ್ದಿದ್ದು ಐದು. ಐದೇ! ಆ 22ರಿಂದಲೇ ಖರ್ಚು ಸೇರಿ 15 ಸಾವಿರದ ಹತ್ತಿರ ಹೋಗಿದೆ.

ಇನ್ನೊಂದು ಕಾಲಂ ಇತ್ತು, ಸಮಯದ್ದು. ಗೆದ್ದ ಮೇಲೆ ಎರಡನೆಯದಕ್ಕೆ ಕೈ ಹಾಕಲು ನನಗೆ ಒಂದು ಗಂಟೆಯ ಮೇಲೆ ಬೇಕಾಗಿದೆ. ಸೋತ ಮೇಲೆ ಸರಾಸರಿ 11 ನಿಮಿಷ. ಹನ್ನೊಂದು ನಿಮಿಷದಲ್ಲಿ ನಾನು ಷೇರು ನೋಡಿಲ್ಲ, ಹೋದ 1,500 ಮಾತ್ರ ನೋಡಿದ್ದೇನೆ.

ಸೋದರಮಾವನದು ಮಂಡ್ಯದಲ್ಲಿ ಬೆಲ್ಲದ ಮಂಡಿ. ಹೋದ ತಿಂಗಳು ಹೋಗಿದ್ದೆ. ಎಪಿಎಂಸಿಗೆ ಅಚ್ಚು ಬೆಲ್ಲ, ಕುರಿಕಾಲಚ್ಚು, ಬಕೆಟ್ ಬೆಲ್ಲ ಎಲ್ಲ ಬಂದು ಬೀಳುತ್ತಿತ್ತು. ಮಾವ ಒಂದು ಅಚ್ಚು ಮುರಿದು, ಒಳಗಿನ ಹರಳು ನೋಡಿ, ಉಗುರಿನಲ್ಲಿ ಕೆರೆದು ಬಾಯಿಗೆ ಹಾಕಿಕೊಂಡು, ಏನೂ ಹೇಳದೆ ಮುಂದಿನ ರಾಶಿಗೆ ಹೋದರು. ಹೀಗೆ ಏಳೆಂಟು ರಾಶಿ. ಕೊನೆಗೆ ಕೊಂಡಿದ್ದು ಒಂದು. ನಾನು ಯಾಕೆ ಮಾವ ಅಂದರೆ, "ಬಂದುದ್ನೆಲ್ಲ ತಗಂಡ್ರೆ ಮಳೆಗಾಲಕ್ಕೆ ಕರಗಿ ನೀರಾಯ್ತದೆ ಕಣ್ಲಾ" ಅಂದರು. ಆಮೇಲೆ, "ನಿನ್ ಕಂಪ್ಯೂಟ್ರಲ್ಲಿ ಮುರ್ದು ನೋಡಕ್ ಆಯ್ತದಾ?" ಅಂತ ಕೇಳಿ ನಕ್ಕರು. ನನ್ನ ಕೆಲಸದ ಬಗ್ಗೆ ನೆಂಟರು ಕೇಳಿದ ಪ್ರಶ್ನೆಗಳಲ್ಲಿ ಸರಿಯಾದದ್ದು ಅದೊಂದೇ.

ಉಳಿದ 40 ದಿನಕ್ಕೆ ಒಂದು ನಿಯಮ ಸೇರಿಸಿದ್ದೇನೆ. ಮೊದಲನೆಯದು ಸೋತರೆ ಒಂದು ಗಂಟೆ ಕುರ್ಚಿ ಬಿಟ್ಟು ಏಳಬೇಕು. ಫೋನ್ ಮನೆಯಲ್ಲೇ ಇರಬೇಕು.

ಇವತ್ತೇ ಪರೀಕ್ಷೆ ಬಂತು. 9:52ಕ್ಕೆ ಮೊದಲ ಟ್ರೇಡ್ ಸ್ಟಾಪ್ ಹೊಡೆಯಿತು. ಇನ್ನೊಂದು ಷೇರು ಗೆರೆಯ ಹತ್ತಿರವೇ ಇತ್ತು, ಕೈ ಮೌಸಿನ ಮೇಲೇ ಇತ್ತು. ಎದ್ದು ಚೀಲ ತಗೊಂಡು ದೇವರಾಜ ಮಾರುಕಟ್ಟೆಗೆ ಹೋದೆ. ಬಾಳೆಹಣ್ಣು, ನುಗ್ಗೆಕಾಯಿ, ಒಂದು ಮೊಳ ಮಲ್ಲಿಗೆ. 11:10ಕ್ಕೆ ಬಂದು ನೋಡಿದರೆ ಆ ಷೇರು ಗೆರೆ ದಾಟಿ ಮೇಲೆ ಹೋಗಿತ್ತು. ಕೊಂಡಿದ್ದರೆ 2,600 ಬರುತ್ತಿತ್ತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಮಲ್ಲಿಗೆಯ ದುಡ್ಡು ಬರೆದಿದ್ದೇನೆ.